ಚಾರ್ಜ್ ಆಗ್ತಿದೆಯೋ ಇಲ್ಲವೋ

ಕೆಲವರಿಗೆ ದೇವರಲ್ಲಿ ನಂಬಿಕೆ ಇರುವುದಿಲ್ಲ, ಕೆಲವರಿಗೆ ಡಾಕ್ಟರಲ್ಲಿ ಇರುವುದಿಲ್ಲ. ನನಗೆ ಬೀಗದಲ್ಲಿ ನಂಬಿಕೆ ಇಲ್ಲ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟು ದಾಟಿ, ಬೀದಿಯ ತಿರುವಿನ ಹಾಲಿನ ಡೈರಿಯವರೆಗೆ ನಡೆದು, ಅಲ್ಲಿಂದ ವಾಪಸ್ ಬಂದು ಇನ್ನೊಮ್ಮೆ ಎಳೆದು ನೋಡಿದ ಮೇಲೆಯೇ ನನ್ನ ಯಾವ ಪ್ರಯಾಣವೂ ಶುರುವಾಗುವುದು. ಇದು ಗೊತ್ತಿರುವುದರಿಂದ ನನ್ನ ಹೆಂಡತಿ ಸರೋಜ, ಹತ್ತು ಗಂಟೆಯ ಬಸ್ಸಿಗೆ ಹೋಗಬೇಕಾದರೆ ಬಸ್ಸು ಒಂಬತ್ತೂಮುಕ್ಕಾಲಿಗೆ ಎಂದೇ ನನಗೆ ಹೇಳುತ್ತಾಳೆ. ಗ್ಯಾಸ್ ಒಲೆ, ನೀರೆತ್ತುವ ಮೋಟಾರು, ಅಂಚೆ ಡಬ್ಬಿಗೆ ಹಾಕಿದ ಕಾಗದ, ಎಲ್ಲದರ ವಿಷಯದಲ್ಲೂ ನನ್ನದು ಇದೇ ಪಾಡು. ಕಾಗದ ಒಳಗೆ ಬಿತ್ತೋ, ಡಬ್ಬಿಯ ಬಾಯಲ್ಲೇ ಸಿಕ್ಕಿಕೊಂಡಿತೋ ಎಂದು ಒಮ್ಮೆ ಬೆರಳು ತೂರಿಸಿ, ಬೆರಳೇ ಸಿಕ್ಕಿಕೊಂಡು, ಅಂಚೆಯವನು ಬರುವವರೆಗೆ ಡಬ್ಬಿಯ ಪಕ್ಕದಲ್ಲಿ ಯಾರನ್ನೋ ಕಾಯುವವನಂತೆ ನಿಂತಿದ್ದ ಪ್ರಸಂಗವೂ ಇದೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈ ಗುಣಕ್ಕೆ ನಾನೊಬ್ಬನೇ ಹೊಣೆಯಲ್ಲ, ನನ್ನ ನೌಕರಿಯೂ ಅದಕ್ಕೆ ಗೊಬ್ಬರ ಹಾಕಿ ಬೆಳೆಸಿತು. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕರೆಂಟಿನ ಮೀಟರು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ನಮ್ಮೂರಿನ ಬೀದಿಗಳಲ್ಲಿ ಮನೆಮನೆಗೂ ಮಗ್ಗ ಓಡುತ್ತದೆ. ಮಗ್ಗದ ಶಬ್ದ ನಿಂತರೇ ನಮಗೆ ಏನೋ ಆಗಿದೆ ಎಂದು ಗೊತ್ತಾಗುವುದು. "ಮೀಟ್ರು ಜಾಸ್ತಿ ಓಡ್ತೈತೆ ಸಾರ್" ಎಂದು ಯಾರಾದರೂ ಅರ್ಜಿ ಕೊಟ್ಟರೆ ನಾನು ಹೋಗಿ, ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು, ಗಾಜಿನೊಳಗೆ ತಿರುಗುವ ಚಕ್ರದ ಮೇಲಿನ ಕಪ್ಪು ಗುರುತನ್ನು ಗಡಿಯಾರ ಹಿಡಿದು ನೋಡುತ್ತಾ ಕೂರುತ್ತಿದ್ದೆ. ಮನೆಯವರು ಕಾಫಿ ಕೊಟ್ಟರೆ ಕಣ್ಣು ಕೀಳದೆಯೇ ಲೋಟಕ್ಕೆ ಕೈ ಚಾಚುತ್ತಿದ್ದೆ. ಹೀಗಾಗಿ ರಾಮಕೃಷ್ಣಪ್ಪ ಎಂಬ ನನ್ನ ಹೆಸರು ಮರೆತುಹೋಗಿ ಊರಿನಲ್ಲಿ 'ಮೀಟರ್ ರಾಮಣ್ಣ' ಎಂಬುದೇ ಉಳಿಯಿತು. ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಕಣ್ಣು ಮಾತ್ರ ನಿವೃತ್ತಿಯಾಗಲಿಲ್ಲ. ಅದಕ್ಕೆ ನೋಡಲು ಏನಾದರೂ ಬೇಕಿತ್ತು, ಮನೆಯಲ್ಲಿ ಇದ್ದವಳು ಸರೋಜ ಒಬ್ಬಳೇ.

ಸರೋಜ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ತುದಿಯಲ್ಲಿ ಇಳಿಬಿದ್ದಿರುವ ಎಳೆಗಳನ್ನು ಗಂಟು ಹಾಕಿ, ಮಣಿ ಪೋಣಿಸಿ, ಬಗೆಬಗೆಯ ಗೊಂಡೆ ಮಾಡುವ ಕೆಲಸ ಅದು. ಬೀದಿಯ ಅರ್ಧ ಮದುವೆಗಳ ಸೆರಗು ಅವಳ ಕೈಯಿಂದಲೇ ದಾಟಿ ಹೋಗಿದೆ. ನೋಡಲು ಚಂದ, ಆದರೆ ದಿನವಿಡೀ ನೆಲದ ಮೇಲೆ ಬಣ್ಣಬಣ್ಣದ ದಾರದ ತುಣುಕುಗಳು ಬೀಳುತ್ತಲೇ ಇರುತ್ತವೆ. ಅದಕ್ಕಾಗಿ ದಿನಕ್ಕೆ ಮೂರು ಸಲ ಅವಳು ಬಗ್ಗಿ ಮನೆ ಗುಡಿಸುತ್ತಿದ್ದಳು. ಮಂಡಿ ನೋಯುತ್ತಿದೆ ಎಂದು ಹೇಳುತ್ತಲೇ ಗುಡಿಸುತ್ತಿದ್ದಳು, ನಾನು ಕೇಳುತ್ತಲೇ ಪೇಪರ್ ಓದುತ್ತಿದ್ದೆ. ಕೊನೆಗೆ ಬಲಗಾಲಿನ ಮಂಡಿ ಮಡಚುವುದೇ ಇಲ್ಲ ಎಂದು ಹಟ ಹಿಡಿಯಿತು. ಆಪರೇಷನ್ ಆಯಿತು. ಹೊಸ ಮಂಡಿ ಹಾಕಿದ ಡಾಕ್ಟರು, "ಮೂರು ತಿಂಗಳು ಬಗ್ಗೋ ಹಾಗಿಲ್ಲ, ಪೊರಕೆ ಮುಟ್ಟೋ ಹಾಗಿಲ್ಲ. ಮಧ್ಯಾಹ್ನ ಎರಡು ಗಂಟೆ ಮಲಗ್ಲೇಬೇಕು" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ಯಜಮಾನ್ರೇ, ನೀವು ನೋಡ್ಕೋಬೇಕು" ಎಂದರು. ಆ ಮಾತನ್ನು ಅವರು ಬೇರೆ ಯಾರಿಗಾದರೂ ಹೇಳಿದ್ದರೆ ಚೆನ್ನಾಗಿತ್ತು. ನೋಡಿಕೊಳ್ಳುವುದಕ್ಕೂ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ಪೊರಕೆ ನನ್ನ ಕೈಗೆ ಬಂತು. ರೇಷ್ಮೆ ದಾರ ಪೊರಕೆಗೆ ಸಿಗುವ ವಸ್ತುವಲ್ಲ. ಈ ಮೂಲೆಯಿಂದ ಗುಡಿಸಿದರೆ ಗಾಳಿಗೆ ಹಾರಿ ಆ ಮೂಲೆಯಲ್ಲಿ ಕೂರುತ್ತದೆ. ಸರೋಜ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಕೂತು ಇದನ್ನೆಲ್ಲ ನೋಡುತ್ತಿದ್ದಳು. "ರೀ, ನೀವು ಕಸ ಗುಡಿಸ್ತಿದ್ದೀರೋ, ಇಲ್ಲಾ ಕಸಕ್ಕೆ ಮನೆ ತೋರಿಸ್ತಿದ್ದೀರೋ?" ಎಂದು ಕೇಳಿದಳು. ನನಗೂ ಅದೇ ಅನುಮಾನವಿತ್ತು. ಗುಡಿಸಿದ ಕಸವನ್ನು ಮೊರಕ್ಕೆ ಎತ್ತುವಾಗ ಮೊರದ ಅಂಚಿನಲ್ಲಿ ಒಂದು ಸಣ್ಣ ಗೆರೆಯಷ್ಟು ಧೂಳು ಯಾವಾಗಲೂ ಉಳಿದುಬಿಡುತ್ತದಲ್ಲ, ಅದನ್ನು ಹಿಂದೆ ಸರಿಯುತ್ತಾ ಸರಿಯುತ್ತಾ ಬಾಗಿಲವರೆಗೆ ಹೋಗಿ, ಕೊನೆಗೆ ಕಾಲೊರಸಿನ ಕೆಳಗೆ ತಳ್ಳಿ ಮುಗಿಸುತ್ತಿದ್ದೆ. ನಾಲ್ಕನೆಯ ದಿನ ಸರೋಜ ಕೋಲೂರಿಕೊಂಡು ಬಂದು ಕಾಲೊರಸನ್ನು ಕೋಲಿನ ತುದಿಯಿಂದ ಎತ್ತಿ ನೋಡಿದಳು. ಮಗಳಿಗೆ ಫೋನ್ ಮಾಡಿದಳು.

ನಮ್ಮ ಮಗಳು ಕವಿತ ನೆಲಮಂಗಲದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳೂ ಅಳಿಯನೂ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಆ ಭಾನುವಾರ ಅವಳು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಒಳಗಿದ್ದದ್ದು ಕಸ ಗುಡಿಸುವ ರೋಬೋ. ಮಗುಚಿಟ್ಟ ದೋಸೆ ಹೆಂಚಿನಂತೆ ದುಂಡಗೆ, ಕಪ್ಪಗೆ ಇತ್ತು. ಕೆಳಗೆ ಚಕ್ರ, ಪಕ್ಕದಲ್ಲಿ ಮೀಸೆಯಂಥ ಬ್ರಷ್ಷು. ಅದರ ಜೊತೆಗೆ ಗೋಡೆಗೆ ಒರಗಿಸಿಡುವ ಒಂದು ಸಣ್ಣ ಸ್ಟ್ಯಾಂಡು. ಕೆಲಸ ಮುಗಿಸಿ ರೋಬೋ ತಾನೇ ಬಂದು ಅದಕ್ಕೆ ಅಂಟಿಕೊಂಡು ನಿಲ್ಲಬೇಕು, ಸ್ಟ್ಯಾಂಡಿನ ಎರಡು ಪಿನ್ನು ಇದರ ಹೊಟ್ಟೆಗೆ ತಾಗಿದರೆ ಚಾರ್ಜ್ ಆಗುತ್ತದೆ. ಕವಿತ ಗುಂಡಿ ಒತ್ತಿದಳು. ಅದು ಇಂಗ್ಲಿಷಿನಲ್ಲಿ ಏನೋ ಹೇಳಿ ಹೊರಟಿತು. ಗೋಡೆಗೆ ಮುಟ್ಟಿ ತಿರುಗಿತು, ಮಂಚದ ಕೆಳಗೆ ಹೋಗಿ ನಾವು ಕಾಣದೆ ವರ್ಷಗಳಾಗಿದ್ದ ಒಂದು ಚಿಕ್ಕ ಬಟ್ಟಲು ತಳ್ಳಿಕೊಂಡು ಬಂತು, ದಾರವನ್ನೆಲ್ಲ ನುಂಗಿತು. ಸರೋಜ ಚಪ್ಪಾಳೆ ತಟ್ಟಿದಳು. ನಾನು ಮದುವೆಯಾದ ಮೇಲೆ ಮಾಡಿದ ಯಾವ ಕೆಲಸಕ್ಕೂ ಅವಳು ಚಪ್ಪಾಳೆ ತಟ್ಟಿದ ನೆನಪಿಲ್ಲ.

ಹೊರಡುವಾಗ ಕವಿತ ನನಗೆ ಪಾಠ ಹೇಳಿದಳು. "ಅಪ್ಪಾ, ಕೇಳಿಸ್ಕೋ. ದಿನಾ ಸಂಜೆ ನಾಲ್ಕೂವರೆಗೆ ಅದೇ ಹೊರಡೋ ಹಾಗೆ ಫೋನಲ್ಲಿ ಹಾಕಿದ್ದೀನಿ. ನೀನೇನೂ ಮಾಡ್ಬೇಕಾಗಿಲ್ಲ. ಚಾರ್ಜ್ ಆಗುವಾಗ ಮೊದಲು ಕೇಸರಿ ದೀಪ ಮಿಣಮಿಣ ಅನ್ನತ್ತೆ. ಆಮೇಲೆ ದೀಪ ಆರಿಹೋಗತ್ತೆ. ಗಾಬರಿ ಆಗ್ಬೇಡ, ಒಳಗೆ ಚಾರ್ಜ್ ಆಗ್ತಾನೇ ಇರತ್ತೆ."

"ದೀಪ ಆರಿದ್ರೆ ಚಾರ್ಜ್ ಆಗ್ತಿದೆ ಅಂತ ಹೇಗೆ ಗೊತ್ತಾಗೋದು?" ಎಂದೆ.

"ಗೊತ್ತಾಗ್ಬೇಕಾಗಿಲ್ಲ ಅಪ್ಪಾ. ಆಗತ್ತೆ ಅಷ್ಟೇ."

ಈ ಮಾತನ್ನು ನಾನು ಹೇಗೆ ಒಪ್ಪಲಿ, ನೀವೇ ಹೇಳಿ. ಮೂವತ್ತು ವರ್ಷ, ದೀಪ ಆರಿತು ಎಂದರೆ ಕರೆಂಟು ಹೋಯಿತು ಎಂದು ನಂಬಿ ಸಂಬಳ ತಿಂದವನು ನಾನು. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಹೋಗಿ ನೋಡಿದೆ. ದೀಪ ಇರಲಿಲ್ಲ. ಬಗ್ಗಿ ಕಿವಿ ಇಟ್ಟೆ, ಶಬ್ದವಿಲ್ಲ. ಮುಟ್ಟಿದೆ, ಬೆಚ್ಚಗಿರಲಿಲ್ಲ. ಎರಡು ಕೈಯಿಂದ ಎತ್ತಿದೆ. ತಕ್ಷಣ ದೀಪ ಹೊತ್ತಿಕೊಂಡಿತು. ವಾಪಸ್ ಇಟ್ಟೆ, ದೀಪ ಉರಿಯುತ್ತಲೇ ಇತ್ತು. ಸಮಾಧಾನವಾಯಿತು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆ, ಮತ್ತೆ ಆರಿತ್ತು. ಎತ್ತಿದೆ, ಹೊತ್ತಿತು, ಇಟ್ಟೆ. ಹೀಗೆ ಸಂಜೆಯವರೆಗೆ ಸಾಗಿತು. ನಾಲ್ಕೂವರೆಗೆ ರೋಬೋ ಹೊರಟಿತು. ಮುಂದಿನ ಹಾಲು, ನಡುಮನೆ ಮುಗಿಸಿ, ಅಡಿಗೆಮನೆಯ ಹೊಸ್ತಿಲ ಬಳಿ ಬಂದು ದಣಿದ ದನಿಯಲ್ಲಿ ಏನೋ ಹೇಳಿ ನಿಂತುಬಿಟ್ಟಿತು. 'ಬ್ಯಾಟರಿ' ಎಂಬ ಒಂದು ಮಾತು ಮಾತ್ರ ನನಗೆ ಅರ್ಥವಾಯಿತು.

"ನೋಡಿದ್ಯಾ, ನಾನು ಹೇಳ್ಲಿಲ್ವಾ? ಚಾರ್ಜೇ ಆಗ್ತಿಲ್ಲ" ಎಂದೆ. ನನ್ನ ದನಿಯಲ್ಲಿ ಬೇಸರಕ್ಕಿಂತ ಗೆಲುವು ಹೆಚ್ಚಾಗಿತ್ತು ಎಂದು ಸರೋಜ ಆಮೇಲೆ ಹೇಳಿದಳು.

ಅಲ್ಲಿಂದ ನನ್ನ ತನಿಖೆ ಶುರುವಾಯಿತು. ಅಟ್ಟದ ಮೇಲಿಂದ ಹಳೆಯ ಮಲ್ಟಿಮೀಟರ್ ಇಳಿಸಿ, ಅದರ ಕೆಂಪು ಕಪ್ಪು ತಂತಿಗಳನ್ನು ಸ್ಟ್ಯಾಂಡಿನ ಪಿನ್ನುಗಳಿಗೆ ಹಿಡಿದೆ. ಮುಳ್ಳು ಅಲುಗಾಡಿದಂತೆ ಮಾಡಿ ಸುಮ್ಮನಾಯಿತು. ರೋಬೋ ಬಂದು ಕೂತರೆ ಮಾತ್ರ ಆ ಪಿನ್ನಿಗೆ ಪೂರ್ತಿ ಕರೆಂಟು ಬರುವುದಂತೆ, ಇದು ನನಗೆ ಬಹಳ ತಡವಾಗಿ ತಿಳಿಯಿತು. ನಮ್ಮ ಬೀದಿಯ ಮಗ್ಗ ರಿಪೇರಿಯ ಅಕ್ಬರ್ ಭಾಯಿಯನ್ನು ಕರೆದುಕೊಂಡು ಬಂದೆ. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ರೋಬೋವನ್ನು ಅಂಗಾತ ಮಲಗಿಸಿ, ಬ್ರಷ್ಷಿಗೆ ಸುತ್ತಿದ್ದ ದಾರವನ್ನೆಲ್ಲ ಬ್ಲೇಡಿನಿಂದ ಕೊಯ್ದು ತೆಗೆದರು. ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ರಾಮಣ್ಣಾ, ಮಗ್ಗ ಆದ್ರೆ ಶಬ್ದ ಕೇಳಿ ಎಲ್ಲಿ ನೋವು ಅಂತ ಹೇಳ್ಬಿಡ್ತೀನಿ. ಇದು ಬಾಯೇ ಬಿಡಲ್ಲ. ನಂಗೆ ನೋಡಿದ್ರೆ ಎಲ್ಲಾ ಬರಾಬರ್ ಐತೆ." ಬರಾಬರ್ ಇದ್ದರೆ ನಿಲ್ಲುವುದೇಕೆ ಎಂದರೆ, "ಅದನ್ನ ಸ್ವಲ್ಪ ಹಂಗೇ ಬಿಟ್ಟು ನೋಡಿ" ಎಂದರು. ಸಲಹೆ ಪುಕ್ಕಟೆಯಾಗಿ ಸಿಕ್ಕಿದ್ದರಿಂದಲೋ ಏನೋ ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಕಂಪನಿಯ ನಂಬರಿಗೂ ಫೋನ್ ಮಾಡಿದೆ. ಆ ಹುಡುಗಿ ಬಹಳ ನಯವಾಗಿ, "ಸರ್, ಚಾರ್ಜ್ ಆಗುವಾಗ ಮಧ್ಯದಲ್ಲಿ ತೆಗೀತಿದ್ದೀರಾ?" ಎಂದು ಕೇಳಿದಳು. "ಇಲ್ಲಮ್ಮ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎತ್ತಿ ನೋಡಿ ಇಡುವುದನ್ನು ತೆಗೆಯುವುದು ಎನ್ನುತ್ತಾರೆ ಎಂದು ನನಗೆ ನಿಜವಾಗಿಯೂ ಅನ್ನಿಸಿರಲಿಲ್ಲ.

ಅದೇ ವಾರ ಒಂದು ದಿನ ಮಧ್ಯಾಹ್ನ, ಸ್ಟ್ಯಾಂಡಿನ ಅಡಾಪ್ಟರೇ ಕೆಟ್ಟಿರಬೇಕು ಎಂದು ತೀರ್ಮಾನಿಸಿ, ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ಪರಿಚಯ. ಹರಟುತ್ತಾ ಕೂತು ಎರಡು ಗಂಟೆ ಕಳೆಯಿತು. ಅಡಾಪ್ಟರು ಸರಿಯಾಗಿಯೇ ಇತ್ತು. ಮನೆಗೆ ಬಂದರೆ ಸರೋಜ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಹಣೆಯ ಮೇಲೆ ಬೆವರು. ಮಂಡಿ ಊದಿಕೊಂಡಿತ್ತು. ಗೋಡೆಯ ಪಕ್ಕದಲ್ಲಿ ಪೊರಕೆ ಬಿದ್ದಿತ್ತು. ಮದುವೆ ಮನೆಯವರು ಸೀರೆ ತೆಗೆದುಕೊಂಡು ಹೋಗಲು ಬರುವವರಿದ್ದರಂತೆ. ನೆಲದ ತುಂಬಾ ದಾರ. ರೋಬೋ ಮುಂಚಿನ ದಿನವೂ ಅರ್ಧಕ್ಕೇ ನಿಂತಿತ್ತು, ಇವತ್ತು ಅದಕ್ಕೆ ಕರೆಂಟೇ ಇರಲಿಲ್ಲ, ಏಕೆಂದರೆ ಅಡಾಪ್ಟರು ನನ್ನ ಜೇಬಿನಲ್ಲಿತ್ತು. "ಹಾಲೊಂದು ಗುಡಿಸೋಣ ಅಂತ ಎದ್ದೆ ಕಣ್ರೀ" ಎಂದಳು, ತಪ್ಪು ಅವಳದೇ ಎಂಬಂತೆ.

ಡಾಕ್ಟರ ಬಳಿಗೆ ಆಟೋದಲ್ಲಿ ಹೋಗಿಬಂದೆವು. ದೇವರ ದಯೆ, ಒಳಗೆ ಏನೂ ಜರುಗಿರಲಿಲ್ಲ. ಆದರೆ ಮಡಚುವ ವ್ಯಾಯಾಮವನ್ನು ಎರಡು ವಾರದ ಹಿಂದೆ ಇದ್ದ ಹಂತದಿಂದ ಮತ್ತೆ ಶುರು ಮಾಡಬೇಕಾಯಿತು. ಡಾಕ್ಟರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಮನೆಗೆ ಬಂದವನು ಆ ಅಪರಾಧವನ್ನು ನನ್ನ ಮೇಲೆ ಹಾಕಿಕೊಳ್ಳುವ ಬದಲು ರೋಬೋ ಮೇಲೆ ಹಾಕಿದೆ. ಇನ್ನು ಮುಂದೆ ಇದರ ಮೇಲೆ ಕಣ್ಣಿಡದಿದ್ದರೆ ಆಗದು ಎಂದು ಶಪಥ ಮಾಡಿದೆ. ಮೊದಲು ಕಾಲು ಗಂಟೆಗೊಮ್ಮೆ ಎತ್ತುತ್ತಿದ್ದವನು ಹತ್ತು ನಿಮಿಷಕ್ಕೊಮ್ಮೆ ಎತ್ತತೊಡಗಿದೆ. ಸರೋಜಳ ಮೇಲೂ ಅಷ್ಟೇ ಕಣ್ಣು. ಕವಿತಳ ಹಳೆಯ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ಹುಡುಕಿ ತೆಗೆದು, ಬೆಳಗ್ಗೆ ಸಂಜೆ ಅವಳ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯುತ್ತಿದ್ದೆ. ಅವಳು ಮಧ್ಯಾಹ್ನ ಮಲಗಿದರೆ ಬಾಗಿಲಲ್ಲಿ ನಿಂತು, "ಸರೋಜ, ನಿದ್ದೆ ಬಂತಾ?" ಎಂದು ಕೇಳುತ್ತಿದ್ದೆ. ಬಂದಿದ್ದರೆ ಹೋಗುತ್ತಿತ್ತು.

ಕವಿತ ಮುಂದಿನ ಭಾನುವಾರ ಬಂದಳು. ನಾನು ರೋಬೋದ ದೂರುಗಳನ್ನೆಲ್ಲ ಒಪ್ಪಿಸಿದೆ. ಅವಳು ತನ್ನ ಫೋನು ತೆಗೆದು ಏನನ್ನೋ ಒತ್ತಿ ನೋಡುತ್ತಾ ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಮನೇಲಿ ಬೆಕ್ಕೇನಾದ್ರೂ ಸಾಕ್ಕೊಂಡಿದ್ದೀರಾ?"

"ಇಲ್ವಲ್ಲಾ. ಯಾಕೆ?"

"ಇದನ್ನ ಯಾರೋ ಸ್ಟ್ಯಾಂಡಿಂದ ತೆಗೀತಾನೇ ಇದ್ದಾರೆ. ತೆಗೆದಾಗೆಲ್ಲ ನನ್ನ ಫೋನಿಗೆ ಬಂದಿದೆ. ವಾರ್ಡಲ್ಲಿ ಫೋನ್ ಮುಚ್ಚಿಟ್ಟಿರ್ತೀನಲ್ಲ, ನೋಡೇ ಇರ್ಲಿಲ್ಲ. ಮೊನ್ನೆ ಮಧ್ಯಾಹ್ನ ಒಂದೇ ದಿನ ಹದಿನೇಳು ಸಲ!"

"ಬೆಕ್ಕಲ್ಲ ಕಣೇ, ನಿಮ್ಮಪ್ಪ" ಎಂದಳು ಸರೋಜ.

ನಾನು ಸುಮ್ಮನೆ ಫ್ಯಾನಿನ ಕಡೆ ನೋಡಿದೆ. ಕವಿತ ಎದ್ದು ಹೋಗಿ ರೋಬೋದ ಮುಂದೆ ಮೊಣಕಾಲೂರಿ ನೋಡಿದಳು. ಆಗಲೂ ಅದು ಸ್ಟ್ಯಾಂಡಿಗೆ ಅಂಟಿ ಕೂತಿರಲಿಲ್ಲ. ನಾನು ಕೊನೆಯ ಸಲ ಇಟ್ಟಾಗ ಒಂದು ಬೆರಳಗಲ ದೂರವೇ ಉಳಿದಿತ್ತು. ಎತ್ತಿದಾಗ ದೀಪ ಹೊತ್ತಿಕೊಳ್ಳುತ್ತಿದ್ದುದು ಅದಕ್ಕೆ ಎಚ್ಚರವಾದದ್ದರಿಂದಲೇ ಹೊರತು ಚಾರ್ಜ್ ಆಗುತ್ತಿದ್ದುದರಿಂದ ಅಲ್ಲ. ಹಾಗೆ ಎಚ್ಚರವಾದಾಗೆಲ್ಲ ಅಷ್ಟಿಷ್ಟು ಇದ್ದ ಚಾರ್ಜೂ ಕರಗುತ್ತಿತ್ತು. ತಾನಾಗಿ ಬಂದು ನಿಂತರೆ ಅದು ಪಿನ್ನಿಗೆ ಸರಿಯಾಗಿ ಕೂರುತ್ತಿತ್ತು, ಗಂಟೆಗಟ್ಟಲೆ ಚಾರ್ಜ್ ಆಗುತ್ತಿತ್ತು. ನಾನು ಅದು ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎತ್ತುತ್ತಿದ್ದೆ, ನೋಡಿ ಸಮಾಧಾನವಾದ ಮೇಲೆ ಚಾರ್ಜ್ ಆಗದ ಹಾಗೆ ಇಟ್ಟುಬರುತ್ತಿದ್ದೆ. ಅಕ್ಬರ್ ಭಾಯಿ, ಕಂಪನಿಯ ಹುಡುಗಿ, ಅಂಗಡಿಯವನು ಯಾರಿಗೂ ಸಿಗದ ದೋಷ ಇಷ್ಟು ದಿನವೂ ಲುಂಗಿ ಉಟ್ಟುಕೊಂಡು ಅದರ ಪಕ್ಕದಲ್ಲೇ ನಿಂತಿತ್ತು.

ನಗು ಬರಬೇಕಾದ ಜಾಗದಲ್ಲಿ ಸರೋಜ ನಗಲಿಲ್ಲ. ಮಗಳ ಕೈ ಹಿಡಿದುಕೊಂಡು, "ಅದೊಂದನ್ನೇ ಅಲ್ಲ ಕಣೇ, ನನ್ನೂ ಅಷ್ಟೇ. ಕಣ್ಣು ಹತ್ತೋ ಹೊತ್ತಿಗೆ ಸರಿಯಾಗಿ ಬಂದು ನಿದ್ದೆ ಬಂತಾ ಅಂತಾರೆ. ಆಪರೇಷನ್ ಆದಾಗಿಂದ ಮಧ್ಯಾಹ್ನ ಒಂದು ದಿನಾನೂ ನೆಟ್ಟಗೆ ಮಲಗಿಲ್ಲ ನಾನು" ಎಂದಳು.

"ಹೇಳ್ಬಾರ್ದಾ ಅಮ್ಮ?"

"ಏನಂತ ಹೇಳ್ಲಿ? ಅವರಿಗೆ ಭಯ. ನಿದ್ದೆ ಕೆಟ್ರೆ ಕೆಡ್ಲಿ, ಅವರ ಮನಸ್ಸಿಗೆ ಯಾಕೆ ಬೇಜಾರು ಅಂತ ಸುಮ್ಮನಿದ್ದೆ."

ನನಗೆ ಭಯ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಅವಳು ಹೇಳಿದ್ದು ನಿಜ. ಆಪರೇಷನ್ ದಿನ ನಾನು ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲಿನ ಮೇಲೆ ಒಂದು ಕೆಂಪು ಬಲ್ಬು ಉರಿಯುತ್ತಿತ್ತು. ಅದು ಉರಿಯುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಅರ್ಥ ಎಂದು ಪಕ್ಕದವರು ಹೇಳಿದ್ದರು. ನಾನು ಅದನ್ನೇ ನೋಡುತ್ತಾ ಕೂತೆ. ಇದ್ದಕ್ಕಿದ್ದಂತೆ ಬಲ್ಬು ಆರಿತು. ಯಾರೂ ಹೊರಗೆ ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಾಗಿಲು ತಳ್ಳಲು ಹೋದರೆ ಕಾವಲಿನವನು ಬಿಡಲಿಲ್ಲ. ಅರ್ಧ ಗಂಟೆಯ ಮೇಲೆ ನರ್ಸೊಬ್ಬಳು ಬಂದು, "ಎಲ್ಲಾ ಚೆನ್ನಾಗಾಯ್ತು, ಎಚ್ಚರ ಆಗ್ಲಿ ಅಂತ ಒಳಗೇ ಇಟ್ಟಿದ್ದೀವಿ" ಎಂದಳು. ಆ ಅರ್ಧ ಗಂಟೆಯಲ್ಲಿ ನಾನು ಏನೇನು ಯೋಚಿಸಿದೆ ಎಂಬುದನ್ನು ಸರೋಜಳಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮನೆಗೆ ಕರೆತಂದ ಮೇಲೆ ಅವಳು ಕಣ್ಣು ಮುಚ್ಚಿದರೆ ನನಗೆ ನಿಲ್ಲಲಾಗುತ್ತಿರಲಿಲ್ಲ.

ತಾಯಿ ಮಗಳು ಸೇರಿ ತೀರ್ಪು ಕೊಟ್ಟರು. ಮರುದಿನ ನಾನು ಮನೆಯಲ್ಲಿ ಇರಕೂಡದು. ಬೆಳಗ್ಗೆ ಹೋಗಿ ಸಂಜೆ ಬರಬೇಕು. ಸರೋಜಳ ಊಟ, ನೀರು ಎಲ್ಲ ಕೈಗೆ ಸಿಗುವ ಹಾಗೆ ಇಟ್ಟು, ಪಕ್ಕದ ಮನೆಯವರಿಗೆ ಹೇಳಿ, ನಾನು ದೇವನಹಳ್ಳಿಯ ಬಸ್ಸು ಹಿಡಿದು, ಅಲ್ಲಿಂದ ಆವತಿಗೆ, ನನ್ನ ಅಕ್ಕನ ಮನೆಗೆ ಹೋದೆ. ಬೀಗದ ಕೆಲಸ ಇರಲಿಲ್ಲವಾದ್ದರಿಂದ ಡೈರಿಯಿಂದ ವಾಪಸ್ ಬರುವ ಪ್ರಮೇಯವೂ ಬರಲಿಲ್ಲ. ಎಪ್ಪತ್ತು ದಾಟಿದ ಅಕ್ಕ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. "ಬಂದ್ಯೇನ್ಲಾ? ಕೂತ್ಕೋ, ಹಿದುಕು" ಎಂದು ಬೋಗುಣಿಯನ್ನು ನನ್ನ ಕಡೆಗೂ ಸರಿಸಿದಳು. ಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಹೋಗುತ್ತದೆ. ಎರಡು ಕೈಗೂ ಬಿಡುವಿಲ್ಲದ ಕೆಲಸ. ಮಧ್ಯಾಹ್ನ ಒಂದು ಗಂಟೆಯವರೆಗೆ ಹೇಗೋ ತಡೆದೆ. ಆಮೇಲೆ ಕೈ ಒರಸಿಕೊಂಡು ಮನೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲವೂ ಅದೇ.

"ಅಕ್ಕಾ, ಸರೋಜ ಫೋನ್ ಎತ್ತುತ್ತಿಲ್ಲ" ಎಂದೆ.

"ಎತ್ತಿಲ್ಲ ಅಂದ್ರೆ ಮಲಗವ್ಳೆ ಕಣ್ಲಾ. ಏನಾರಾ ಆಗಿದ್ರೆ ಅಕ್ಕಪಕ್ಕದೋರು ಬಂದು ಎತ್ತಿರೋರು, ನಿಂಗೆ ಇಷ್ಟೊತ್ತಿಗೆ ಸುದ್ದಿ ಬಂದಿರೋದು" ಎಂದಳು ಅಕ್ಕ, ಕಾಳಿನಿಂದ ಕಣ್ಣೆತ್ತದೆ.

ತರ್ಕ ಸರಿಯಾಗಿತ್ತು. ಆದರೂ ನಾನು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಪಕ್ಕದ ಮನೆಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಅವರು ಹೋಗಿ ಬಾಗಿಲು ಬಡಿಯುತ್ತಾರೆ, ಮಲಗಿದ್ದರೆ ಎದ್ದುಬಿಡುತ್ತಾಳೆ. ಅಷ್ಟು ಬುದ್ಧಿ ಅಂದು ಬಂದಿತ್ತು. ಊಟವನ್ನು ಹೇಗೋ ಮುಗಿಸಿ, ಅಕ್ಕನ ಬೈಗುಳ ಬೆನ್ನಿಗೆ ಹಾಕಿಕೊಂಡು, ಸಿಕ್ಕ ಬಸ್ಸು ಹತ್ತಿದೆ. ದೇವನಹಳ್ಳಿಯಲ್ಲಿ ಇನ್ನೊಂದು ಬಸ್ಸಿಗೆ ಕಾದ ಇಪ್ಪತ್ತು ನಿಮಿಷ, ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಇಪ್ಪತ್ತು ನಿಮಿಷದಷ್ಟೇ ಉದ್ದವಾಗಿತ್ತು.

ಮನೆ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಚಪ್ಪಲಿ ಹೊರಗೇ ಬಿಟ್ಟು, ನನ್ನ ಹತ್ತಿರವಿದ್ದ ಕೀಲಿಯಿಂದ ಸದ್ದಿಲ್ಲದೆ ಬಾಗಿಲು ತೆರೆದೆ. ಫೋನು ಅಡಿಗೆಮನೆಯ ಕಟ್ಟೆಯ ಮೇಲಿತ್ತು. ಸರೋಜ ಹಾಲಿನ ದಿವಾನದ ಮೇಲೆ, ಕಾಲ ಕೆಳಗೆ ದಿಂಬಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ಗೋಡೆಯ ಪಕ್ಕದಲ್ಲಿ ರೋಬೋ ತನ್ನ ಸ್ಟ್ಯಾಂಡಿಗೆ ಅಂಟಿಕೊಂಡು ಕೂತಿತ್ತು. ದೀಪ ಇರಲಿಲ್ಲ. ನಾನು ಇಬ್ಬರ ನಡುವೆ ನಿಂತೆ. ಕೈ ತಾನಾಗಿ ಮುಂದಕ್ಕೆ ಬಂತು. ಯಾರ ಕಡೆಗೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಅವಳ ಸೆರಗನ್ನೇ ನೋಡಿದೆ. ಅದು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಮೇಲೇಳುತ್ತಿತ್ತು. ನಾನು ಹೋಗಿ ಕುರ್ಚಿಯಲ್ಲಿ ಕೂತೆ.

ನಾಲ್ಕೂವರೆಗೆ ಸರಿಯಾಗಿ ರೋಬೋ ಒಮ್ಮೆ ಕೊಸರಿ ಹೊರಟಿತು. ಮಾತಾಡಲಿಲ್ಲ. ಕವಿತ ಅದರ ಬಾಯಿ ಮುಚ್ಚಿಸಿ ಹೋಗಿದ್ದಳು. ನಾನು ಅದರ ದಾರಿಗೆ ಅಡ್ಡವಾಗಬಾರದೆಂದು ಎರಡು ಕಾಲನ್ನೂ ಕುರ್ಚಿಯ ಮೇಲಕ್ಕೆ ಎತ್ತಿಕೊಂಡೆ. ಹಾಲಿನಲ್ಲಿ ಬೆಳಗಿನಿಂದ ಬಿದ್ದಿದ್ದ ಹಸಿರು, ಗುಲಾಬಿ, ಹಳದಿ ದಾರಗಳು ಒಂದೊಂದಾಗಿ ಕಾಣೆಯಾದವು. ನಡುಮನೆಗೆ ಹೋಯಿತು. ಬಂತು. ಅಡಿಗೆಮನೆಯ ಹೊಸ್ತಿಲು ಹತ್ತಿ ಇಳಿಯಿತು. ದಿವಾನದ ಕೆಳಗೆ ಹೊಕ್ಕು ಸರೋಜಳ ತಲೆಯ ಕೆಳಗೇ ಸುಳಿದಾಡಿ ಹೊರಬಂತು. ಅವಳು ಅಲುಗಲಿಲ್ಲ. ಮನೆ ಪೂರ್ತಿ ಮುಗಿಸಿ, ತನ್ನ ಜಾಗಕ್ಕೆ ವಾಪಸ್ ಬಂದು, ಹಿಂದು ಮುಂದು ಸರಿದು, ಪಿನ್ನಿಗೆ ಸರಿಯಾಗಿ ಕೂತಿತು. ಕೇಸರಿ ದೀಪ ಮಿಣುಕಿತು. ಸ್ವಲ್ಪ ಹೊತ್ತಿಗೆ ಆರಿತು. ನಾನು ಕೂತಲ್ಲೇ ಕೂತಿದ್ದೆ.

ಐದೂಕಾಲರ ಸುಮಾರಿಗೆ ಸರೋಜ ಕಣ್ಣು ಬಿಟ್ಟಳು. ಮುಖ ಆಪರೇಷನ್ನಿಗೆ ಮುಂಚಿನ ಮುಖವಾಗಿತ್ತು. "ಯಾವಾಗ ಬಂದ್ರಿ?" ಎಂದಳು.

"ಈಗ ತಾನೇ."

"ರೋಬೋ ಗುಡಿಸ್ತಾ?"

"ನಾನು ನೋಡ್ಲಿಲ್ಲಪ್ಪ" ಎಂದೆ.

ಅವಳು ನೆಲ ನೋಡಿದಳು, ಆಮೇಲೆ ಕುರ್ಚಿಯ ಮೇಲೆ ಇನ್ನೂ ಎತ್ತಿಕೊಂಡೇ ಇದ್ದ ನನ್ನ ಎರಡು ಕಾಲುಗಳನ್ನು ನೋಡಿದಳು. ನಗತೊಡಗಿದವಳಿಗೆ ಮಂಡಿ ಹಿಡಿದುಕೊಂಡು ನಗಬೇಕಾಯಿತು.

ಈಗ ಮೂರು ತಿಂಗಳು ಮುಗಿದಿದೆ. ಸರೋಜ ಕೋಲಿಲ್ಲದೆ ಬೀದಿಯ ತುದಿಯವರೆಗೆ ನಡೆಯುತ್ತಾಳೆ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ನನಗೆ ಗೊತ್ತಿಲ್ಲ, ಕೋನಮಾಪಕವನ್ನು ಕವಿತ ತೆಗೆದುಕೊಂಡು ಹೋಗಿದ್ದಾಳೆ. ರೋಬೋ ದಿನವೂ ಹೊರಡುತ್ತದೆ, ದಿನವೂ ಬಂದು ಕೂರುತ್ತದೆ. ಊಟವಾದ ಮೇಲೆ ನಾನು ಕುರ್ಚಿ ಹಿಡಿದುಕೊಂಡು ಹೊರಗೆ ಜಗಲಿಗೆ ಬಂದು ಎರಡು ಗಂಟೆ ಅಲ್ಲೇ ಕೂರುತ್ತೇನೆ. ಹಾದುಹೋಗುವವರು, "ಏನ್ ರಾಮಣ್ಣಾ, ಬಿಸಿಲಲ್ಲಿ ಕೂತಿದ್ದೀರಿ?" ಎಂದು ಕೇಳುತ್ತಾರೆ. ಒಳಗೆ ಇಬ್ಬರು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಹೇಳುತ್ತೇನೆ. ನಾನು ಒಳಗೆ ಹೋಗುವುದಿಲ್ಲ, ಯಾರನ್ನೂ ಎತ್ತುವುದಿಲ್ಲ, ಎಬ್ಬಿಸುವುದಿಲ್ಲ. ನನ್ನ ಕುರ್ಚಿಯ ಪಕ್ಕಕ್ಕೆ ಬರುವ ಹಾಲಿನ ಕಿಟಕಿಯ ಒಂದು ಬಾಗಿಲನ್ನು ಮಾತ್ರ, ಗಾಳಿ ಆಡಲಿ ಎಂದು, ನಾಲ್ಕು ಬೆರಳಿನಷ್ಟು ತೆರೆದಿಟ್ಟಿರುತ್ತೇನೆ. ಮೊನ್ನೆ ಸರೋಜ ಆ ಕಿಟಕಿಗೆ ಪರದೆ ಹೊಲಿಯಲು ಅಳತೆ ತೆಗೆದುಕೊಂಡಳು.